ಪರವಲಯದ ಗರಿಷ್ಠ ಬೆಲೆ ಮತ್ತು ಶೂನ್ಯತೆಗಳು: ಮೊದಲು ನಡುಗೆರೆ, ಆಮೇಲೆ ಉಳಿದದ್ದು

ಪರವಲಯ ಎಂದರೆ ವರ್ಗ ಬಹುಪದೋಕ್ತಿಯ (ಎಕ್ಸ್², ಎಕ್ಸ್ ಮತ್ತು ಒಂದು ಸಂಖ್ಯೆ ಸೇರಿದ್ದರ) ಗ್ರಾಫ್‌ನಲ್ಲಿ ಬರುವ ಬಾಗಿದ ಗೆರೆ. ಅದರ ಲೆಕ್ಕದಲ್ಲಿ ಎಡವುವವರಲ್ಲಿ ಹೆಚ್ಚಿನವರಿಗೆ ಸೂತ್ರ ಚೆನ್ನಾಗಿಯೇ ಗೊತ್ತಿರುತ್ತದೆ. ಆದರೂ ಉತ್ತರ ತಪ್ಪುತ್ತದೆ. ಕಾರಣ ನೋಡಿದರೆ ಬಹುಪಾಲು ಇವೆರಡರಲ್ಲಿ ಒಂದು: ಮಾಡುವ ಕ್ರಮ ತಲೆಕೆಳಗಾಗಿರುತ್ತದೆ, ಇಲ್ಲವೇ ಒಂದು ಮೈನಸ್ ಚಿಹ್ನೆ ಎಲ್ಲೋ ಬಿಟ್ಟುಹೋಗಿರುತ್ತದೆ.

ಲೆಕ್ಕ ಕೊಟ್ಟ ತಕ್ಷಣ ತುಂಬಾ ಜನ ಶೂನ್ಯತೆ (ವೈ ಸೊನ್ನೆಯಾಗುವ ಎಕ್ಸ್ ಬೆಲೆ) ಹುಡುಕಲು ಹೊರಡುತ್ತಾರೆ. ಮಧ್ಯಪದ ಒಡೆಯಲು (ಎಕ್ಸ್ ಪದವನ್ನು ಎರಡಾಗಿ ಸೀಳಿ ಅಪವರ್ತಿಸಲು) ಬರುವುದಿಲ್ಲ. ಅಲ್ಲೇ ಹತ್ತು ನಿಮಿಷ ಹೋಗುತ್ತದೆ. ಆಮೇಲೆ ಗರಿಷ್ಠ ಬೆಲೆಯನ್ನು ಅವಸರದಲ್ಲಿ ಮುಗಿಸುತ್ತಾರೆ. ನಾನು ಇಲ್ಲಿ ಹೇಳುವ ಕ್ರಮ ಇದಕ್ಕೆ ಉಲ್ಟಾ. ಮೊದಲು ಪರವಲಯದ ನಡುಗೆರೆ, ಆಮೇಲೆ ಅದರ ತುದಿಯ ಎತ್ತರ, ಕೊನೆಗೆ ಶೂನ್ಯತೆಗಳು. ಈ ಕ್ರಮದಲ್ಲಿ ಹೋದರೆ ಒಂದು ಹಂತದ ಉತ್ತರ ಮುಂದಿನ ಹಂತಕ್ಕೆ ನೇರವಾಗಿ ಕೆಲಸಕ್ಕೆ ಬರುತ್ತದೆ. ತಪ್ಪಾದರೆ ಅಲ್ಲಲ್ಲೇ ಸಿಕ್ಕಿಬೀಳುತ್ತದೆ.

## ಏನೇನು ಬೇಕು

ಪೆನ್ಸಿಲ್, ರಬ್ಬರ್, ಒಂದು ಗ್ರಾಫ್ ಹಾಳೆ ಸಾಕು. 1ರಿಂದ 20ರವರೆಗಿನ ವರ್ಗಗಳು ಬಾಯಿಗೆ ಬರುತ್ತಿದ್ದರೆ ಕೆಲಸ ಬೇಗ ಆಗುತ್ತದೆ. ಕ್ಯಾಲ್ಕುಲೇಟರ್ ಇದ್ದರೆ ಒಳ್ಳೆಯದೇ, ಆದರೆ ಅದನ್ನು ವರ್ಗಮೂಲಕ್ಕೆ ಮಾತ್ರ ಇಟ್ಟುಕೊಳ್ಳಿ. ಉಳಿದ ಲೆಕ್ಕವನ್ನು ಕೈಯಲ್ಲೇ ಮಾಡಿದರೆ ಚಿಹ್ನೆಗಳ ಮೇಲೆ ನಿಗಾ ಇರುತ್ತದೆ. ಜಿಯೋಜಿಬ್ರಾ, ಡೆಸ್ಮಾಸ್ ತರಹದ ಗ್ರಾಫ್ ಆ್ಯಪ್‌ಗಳನ್ನು ಲೆಕ್ಕ ಮುಗಿದ ಮೇಲೆ ತಾಳೆ ನೋಡಲು ಬಳಸಿ, ಮೊದಲೇ ಬೇಡ.

ಎಲ್ಲ ಹಂತಗಳಿಗೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ:

ವೈ = −2ಎಕ್ಸ್² + 12ಎಕ್ಸ್ − 10

## ಹಂತ 1: ಆದರ್ಶ ರೂಪಕ್ಕೆ ತನ್ನಿ, ಸಹಗುಣಕಗಳನ್ನು ಚಿಹ್ನೆ ಸಮೇತ ಬರೆದಿಡಿ

ಆದರ್ಶ ರೂಪ ಎಂದರೆ ವರ್ಗವಿರುವ ಪದ ಮೊದಲು, ಎಕ್ಸ್ ಇರುವ ಪದ ಆಮೇಲೆ, ಸುಮ್ನೆ ಸಂಖ್ಯೆ ಕೊನೆಗೆ. ಸಹಗುಣಕ ಎಂದರೆ ಪದದ ಮುಂದಿರುವ ಸಂಖ್ಯೆ. ವರ್ಗದ ಸಹಗುಣಕ ಎ, ಎಕ್ಸ್‌ನ ಸಹಗುಣಕ ಬಿ, ಸ್ಥಿರ ಪದ ಸಿ. ನಮ್ಮ ಉದಾಹರಣೆಯಲ್ಲಿ:

ಎ = −2
ಬಿ = 12
ಸಿ = −10

ಇದನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳಬೇಡಿ. ಹಾಳೆಯ ಮೂಲೆಯಲ್ಲಿ ಬರೆದು ಸುತ್ತ ಚೌಕ ಹಾಕಿ. ಮೈನಸ್ ಕಳೆದುಹೋಗುವುದು ಹೆಚ್ಚಾಗಿ ಈ ಜಾಗದಲ್ಲೇ.

ಇಲ್ಲಿ ಮಾಮೂಲಿಯಾಗಿ ಮೂರು ತಪ್ಪು ಆಗುತ್ತವೆ. ಒಂದು, ಪದಗಳ ಜಾಗ ಬದಲಾಗಿರುವುದನ್ನು ಗಮನಿಸದಿರುವುದು. 7 + 3ಎಕ್ಸ್ − ಎಕ್ಸ್² ಎಂದು ಕೊಟ್ಟರೆ ಎ ಅಂದರೆ 7 ಅಲ್ಲ, −1. ಎರಡು, ಮುಂದೆ ಸಂಖ್ಯೆ ಕಾಣದಿದ್ದರೆ ಸಹಗುಣಕ ಸೊನ್ನೆ ಎಂದುಕೊಳ್ಳುವುದು. −ಎಕ್ಸ್² ಎಂದರೆ ಎ = −1. ಮೂರು, ಪದವೇ ಇಲ್ಲದಿದ್ದಾಗ ಗಾಬರಿಯಾಗುವುದು. 16 − 4ಎಕ್ಸ್² ಎಂಬುದರಲ್ಲಿ ಎಕ್ಸ್ ಪದವಿಲ್ಲ, ಹಾಗಾಗಿ ಬಿ = 0. ಅಷ್ಟೇ, ಲೆಕ್ಕ ಇನ್ನೂ ಸುಲಭ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಸಂಖ್ಯೆಗಳು ಚಿಕ್ಕದಾಗಲಿ ಎಂದು ಇಡೀ ಬಹುಪದೋಕ್ತಿಯನ್ನೇ −2ರಿಂದ ಭಾಗಿಸಿಬಿಡುತ್ತಾರೆ. ಆಗ ಎಕ್ಸ್² − 6ಎಕ್ಸ್ + 5 ಸಿಗುತ್ತದೆ. ಶೂನ್ಯತೆಗಳು ಬದಲಾಗುವುದಿಲ್ಲ, ಎರಡರಲ್ಲೂ 1 ಮತ್ತು 5. ಆದರೆ ಎಕ್ಸ್ = 3 ಇರುವ ಕಡೆ ಮೊದಲನೆಯದರ ಎತ್ತರ 8, ಎರಡನೆಯದರದ್ದು −4. ಮೇಲೆ ಶಿಖರವಿದ್ದ ಕಡೆ ಈಗ ಕೆಳಗೆ ತಳ ಬಂದಿದೆ. ಅಂದರೆ ನೀವು ಬೇರೆಯದೇ ಪರವಲಯವನ್ನು ಲೆಕ್ಕ ಹಾಕುತ್ತಿದ್ದೀರಿ. ಬಲಗಡೆ ಸೊನ್ನೆ ಇರುವ ಸಮೀಕರಣವನ್ನು ಭಾಗಿಸಬಹುದು, ಯಾಕೆಂದರೆ ಸೊನ್ನೆಯನ್ನು ಸೊನ್ನೆಯಲ್ಲದ ಯಾವ ಸಂಖ್ಯೆಯಿಂದ ಭಾಗಿಸಿದರೂ ಸೊನ್ನೆಯೇ. ವೈ ಇರುವಾಗ ಎಡಗಡೆಯನ್ನು ಹಾಗೇ ಬಿಟ್ಟು ಬಲಗಡೆಯನ್ನು ಮಾತ್ರ ಭಾಗಿಸುವಂತಿಲ್ಲ.

## ಹಂತ 2: ಗರಿಷ್ಠ ಬೆಲೆ ಇದೆಯೇ ಎಂದು ನೋಡಿ

ಎ ಋಣವಾಗಿದ್ದರೆ ಪರವಲಯ ಕೆಳಮುಖವಾಗಿ ತೆರೆದಿರುತ್ತದೆ, ತುದಿ ಮೇಲಿರುತ್ತದೆ, ಗರಿಷ್ಠ ಬೆಲೆ ಇರುತ್ತದೆ. ಎ ಧನವಾಗಿದ್ದರೆ ಮೇಲ್ಮುಖ. ಆಗ ಸಿಗುವುದು ಕನಿಷ್ಠ ಬೆಲೆ. ಎರಡೂ ಕಡೆ ಎತ್ತರ ಏರುತ್ತಲೇ ಹೋಗುವುದರಿಂದ ಗರಿಷ್ಠ ಎಂಬುದೇ ಇರುವುದಿಲ್ಲ.

ನಮ್ಮಲ್ಲಿ ಎ = −2. ಗರಿಷ್ಠ ಇದೆ. ಮುಂದೆ ಹೋಗಬಹುದು.

## ಹಂತ 3: ನಡುಗೆರೆ ಹುಡುಕಿ

ಪ್ರತಿ ಪರವಲಯವನ್ನೂ ಸರಿಯಾಗಿ ಎರಡು ಭಾಗ ಮಾಡುವ ಒಂದು ನಿಂತ ಗೆರೆ ಇರುತ್ತದೆ. ಪುಸ್ತಕದಲ್ಲಿ ಇದಕ್ಕೆ ಸಮಮಿತಿ ಅಕ್ಷ ಎನ್ನುತ್ತಾರೆ. ಇಲ್ಲಿ ನಡುಗೆರೆ ಎಂದೇ ಕರೆಯುತ್ತೇನೆ. ಅದರ ಜಾಗ:

ಎಕ್ಸ್ = −ಬಿ ÷ (2 × ಎ)

ಇದು ಎಲ್ಲಿಂದ ಬಂತು ಎಂದು ಒಮ್ಮೆ ನೋಡಿಬಿಡೋಣ. ಒಮ್ಮೆ ಅರ್ಥವಾದರೆ ಸೂತ್ರ ಮರೆಯುವುದಿಲ್ಲ. ಸಿ ಮಾಡುವ ಕೆಲಸ ಒಂದೇ: ಇಡೀ ಪರವಲಯವನ್ನು ಮೇಲೆ ಎತ್ತುವುದು ಅಥವಾ ಕೆಳಗೆ ಇಳಿಸುವುದು. ಎಡಕ್ಕೋ ಬಲಕ್ಕೋ ಅದು ಸರಿಸುವುದಿಲ್ಲ. ಹಾಗಾಗಿ ನಡುಗೆರೆ ಹುಡುಕುವಾಗ ಸಿಯನ್ನು ಕೈಬಿಡಬಹುದು. ನಮ್ಮ ಉದಾಹರಣೆಯಲ್ಲಿ −10 ಬಿಟ್ಟರೆ −2ಎಕ್ಸ್² + 12ಎಕ್ಸ್ ಉಳಿಯಿತು. ಇದರಲ್ಲಿ ಎಕ್ಸ್ ಹೊರತೆಗೆಯಿರಿ: ಎಕ್ಸ್ × (−2ಎಕ್ಸ್ + 12). ಇದು ಸೊನ್ನೆಯಾಗುವುದು ಎರಡೇ ಕಡೆ, ಎಕ್ಸ್ = 0 ಮತ್ತು ಎಕ್ಸ್ = 6. ಎರಡೂ ಒಂದೇ ಎತ್ತರದ ಬಿಂದುಗಳು. ಹಾಗಾದರೆ ನಡುಗೆರೆ ಇವೆರಡರ ಮಧ್ಯದಲ್ಲೇ ಇರಬೇಕು ಅಲ್ವಾ? 0 ಮತ್ತು 6ರ ಮಧ್ಯ 3.

ಯಾವ ಸಹಗುಣಕ ಇದ್ದರೂ ಇದೇ ಕತೆ. ಆ ಎರಡು ಜಾಗಗಳು 0 ಮತ್ತು −ಬಿ ÷ ಎ. ಅವುಗಳ ಮಧ್ಯವೇ −ಬಿ ÷ (2 × ಎ). ಸೂತ್ರದಲ್ಲಿ ಸಿ ಯಾಕೆ ಕಾಣುವುದಿಲ್ಲ ಎಂಬುದಕ್ಕೂ ಉತ್ತರ ಸಿಕ್ಕಿತು.

ಸೂತ್ರದಿಂದ ನೋಡಿದರೆ: −12 ÷ (2 × −2) = −12 ÷ −4 = 3. ಸರಿಹೋಯಿತು.

ಬಿ ಮೊದಲೇ ಋಣವಾಗಿದ್ದರೆ ಇಲ್ಲಿ ಎಚ್ಚರ ಬೇಕು. ಬಿ = −8 ಇದ್ದರೆ −ಬಿ ಎಂದರೆ +8. "ಸೂತ್ರದಲ್ಲಿ ಮೈನಸ್ ಇದೆ, ಬಿಯಲ್ಲೂ ಮೈನಸ್ ಇದೆ, ಒಂದು ಬರೆದರೆ ಸಾಕು" ಎಂದುಕೊಂಡವರ ನಡುಗೆರೆ ಸೊನ್ನೆಯ ಇನ್ನೊಂದು ಬದಿಗೆ ಹೋಗಿ ಕೂರುತ್ತದೆ. ಒಂದು ಸುಲಭದ ಗುರುತು ಇಟ್ಟುಕೊಳ್ಳಿ. ಎ ಮತ್ತು ಬಿ ಚಿಹ್ನೆ ಬೇರೆ ಬೇರೆ ಇದ್ದರೆ ನಡುಗೆರೆ ಧನ ಬದಿಯಲ್ಲಿರುತ್ತದೆ. ಎರಡರದ್ದೂ ಒಂದೇ ಚಿಹ್ನೆಯಾದರೆ ಋಣ ಬದಿಯಲ್ಲಿ.

## ಹಂತ 4: ಗರಿಷ್ಠ ಬೆಲೆ

ನಡುಗೆರೆಯ ಎಕ್ಸ್ ಬೆಲೆಯನ್ನು ಮೂಲ ಬಹುಪದೋಕ್ತಿಗೆ ಹಾಕಿ. ಮೂಲದ್ದಕ್ಕೇ ಹಾಕಿ, ನಡುವೆ ಭಾಗಿಸಿ ಚಿಕ್ಕದು ಮಾಡಿಕೊಂಡದ್ದಕ್ಕೆ ಅಲ್ಲ.

ವೈ = −2 × (3)² + 12 × 3 − 10
ವೈ = −2 × 9 + 36 − 10
ವೈ = −18 + 36 − 10
ವೈ = 8

ಸಾಲು ಸಾಲಾಗಿ ಬರೆದಿದ್ದಕ್ಕೆ ಕಾರಣವಿದೆ. ಮೊದಲು ವರ್ಗ, ಆಮೇಲೆ ಗುಣಾಕಾರ. ಒಂದೇ ಸಾಲಿನಲ್ಲಿ ಮುಗಿಸುವ ಅವಸರದಲ್ಲಿ −2ನ್ನು 3ರೊಂದಿಗೆ ಮೊದಲು ಗುಣಿಸಿ ಆಮೇಲೆ ವರ್ಗ ಮಾಡಿದರೆ 36 ಬರುತ್ತದೆ, ಒಟ್ಟು 62 ಆಗುತ್ತದೆ. 8 ಎಲ್ಲಿ, 62 ಎಲ್ಲಿ!

ಇಲ್ಲಿಗೆ ತುದಿಯ ಬಿಂದು ಸಿಕ್ಕಿತು: (3, 8). ಇದಕ್ಕೆ ಶೃಂಗ ಎನ್ನುತ್ತಾರೆ. ಗರಿಷ್ಠ ಬೆಲೆ ಎಂದರೆ 8. ಅದು ಸಿಗುವ ಜಾಗ 3. ಇವೆರಡನ್ನು ಅದಲುಬದಲು ಮಾಡಿ ಅಂಕ ಕಳೆದುಕೊಳ್ಳುವವರು ಬಹಳ ಜನ. "ಗರಿಷ್ಠ ಬೆಲೆ ಎಷ್ಟು" ಎಂದು ಕೇಳಿದರೆ ವೈ ಕೊಡಬೇಕು. "ಯಾವಾಗ", "ಎಲ್ಲಿ", "ಎಕ್ಸ್‌ನ ಯಾವ ಬೆಲೆಗೆ" ಎಂದು ಕೇಳಿದರೆ ಎಕ್ಸ್ ಕೊಡಬೇಕು. ಉತ್ತರ ಬರೆಯುವ ಮುನ್ನ ಪ್ರಶ್ನೆಯ ಕೊನೆಯ ಸಾಲನ್ನು ಇನ್ನೊಮ್ಮೆ ಓದಿ.

ಇಲ್ಲೇ ಒಂದು ಚಿಕ್ಕ ಪರೀಕ್ಷೆ ಮಾಡಿಬಿಡಿ. ಎಕ್ಸ್ = 0 ಹಾಕಿದರೆ ವೈ = ಸಿ ಬರುತ್ತದೆ. ಅಂದರೆ ಸಿ ಕೂಡ ಪರವಲಯದ ಮೇಲಿನ ಒಂದು ಎತ್ತರವೇ. ಗರಿಷ್ಠ ಬೆಲೆ ಅದಕ್ಕಿಂತ ಕಡಿಮೆ ಇರಲು ಸಾಧ್ಯವೇ ಇಲ್ಲ. ಹಿಂದಿನ ಹಂತದಲ್ಲಿ ಮೈನಸ್ ಮರೆತು ನಡುಗೆರೆ −3 ಎಂದು ಬರೆದಿದ್ದೀರಿ ಎಂದುಕೊಳ್ಳಿ. ಆಗ ವೈ = −18 − 36 − 10 = −64 ಆಗುತ್ತದೆ. ಸಿ ಇರುವುದು −10. "ಗರಿಷ್ಠ" ಎಂದು ಬಂದದ್ದು ಮಾಮೂಲಿ ಬಿಂದುವಿಗಿಂತ ಕೆಳಗಿದೆ. ತಕ್ಷಣ ಗೊತ್ತಾಗುತ್ತದೆ, ನಡುಗೆರೆಯೇ ತಪ್ಪು.

## ಹಂತ 5: ಶೂನ್ಯತೆಗಳು ಎಷ್ಟಿವೆ? ಹುಡುಕುವ ಮೊದಲೇ ತಿಳಿಯಿರಿ

ಶೂನ್ಯತೆ ಎಂದರೆ ಪರವಲಯ ಎಕ್ಸ್ ಅಕ್ಷವನ್ನು ಮುಟ್ಟುವ ಜಾಗ. ಅಲ್ಲಿ ವೈ = 0. ಕೆಳಮುಖ ಪರವಲಯದ ಅತಿ ಎತ್ತರದ ಬಿಂದು ಈಗ ನಿಮ್ಮ ಕೈಯಲ್ಲಿದೆ. ಹಾಗಾಗಿ ಬೇರೆ ಲೆಕ್ಕವೇ ಬೇಡ.

ಗರಿಷ್ಠ ಬೆಲೆ ಸೊನ್ನೆಗಿಂತ ಜಾಸ್ತಿ ಇದ್ದರೆ ತುದಿ ಅಕ್ಷದ ಮೇಲಿದೆ. ಎರಡೂ ಕಡೆ ಕೆಳಗಿಳಿಯುವಾಗ ಅಕ್ಷವನ್ನು ದಾಟಲೇಬೇಕು. ಎರಡು ಶೂನ್ಯತೆ. ಗರಿಷ್ಠ ಬೆಲೆ ಸೊನ್ನೆಯೇ ಆಗಿದ್ದರೆ ತುದಿ ಅಕ್ಷವನ್ನು ಮುಟ್ಟಿ ಹಿಂತಿರುಗುತ್ತದೆ. ಒಂದೇ ಶೂನ್ಯತೆ, ಅದು ನಡುಗೆರೆಯ ಮೇಲೇ ಇರುತ್ತದೆ. −ಎಕ್ಸ್² + 6ಎಕ್ಸ್ − 9 ಇಂಥದ್ದು: ನಡುಗೆರೆ 3, ಎತ್ತರ 0, ಶೂನ್ಯತೆ 3.

ಗರಿಷ್ಠ ಬೆಲೆ ಋಣವಾಗಿದ್ದರೆ ಇಡೀ ಪರವಲಯ ಅಕ್ಷದ ಕೆಳಗಿದೆ. ವಾಸ್ತವ ಶೂನ್ಯತೆ ಇಲ್ಲ. −ಎಕ್ಸ್² + 2ಎಕ್ಸ್ − 5 ತೆಗೆದುಕೊಳ್ಳಿ. ನಡುಗೆರೆ 1, ಎತ್ತರ −1 + 2 − 5 = −4. ಇಲ್ಲಿ ಮಧ್ಯಪದ ಒಡೆಯಲು ಎಷ್ಟು ಹೊತ್ತು ಕೂತರೂ ಏನೂ ಸಿಗುವುದಿಲ್ಲ, ಯಾಕೆಂದರೆ ಸಿಗಬೇಕಾದದ್ದೇ ಇಲ್ಲ. ಆದರೆ ಗಮನಿಸಿ, ಶೂನ್ಯತೆ ಇಲ್ಲದಿದ್ದರೂ ಗರಿಷ್ಠ ಬೆಲೆ ಇದೆ, ಅದು −4. "ಶೂನ್ಯತೆ ಇಲ್ಲ, ಆದ್ದರಿಂದ ಗರಿಷ್ಠವೂ ಇಲ್ಲ" ಎಂದು ಬರೆಯುವುದು ತಪ್ಪು.

ಶೋಧಕ ಕಲಿತವರು ಇದನ್ನು ಬಿ² − 4 × ಎ × ಸಿ ಮೂಲಕ ನೋಡುತ್ತಾರೆ. ಎರಡೂ ಒಂದೇ ವಿಷಯ ಹೇಳುತ್ತವೆ. ಶೋಧಕ ಎಂದರೆ ತುದಿಯ ಎತ್ತರವನ್ನು −4 × ಎ ಇಂದ ಗುಣಿಸಿದ್ದು. ನಮ್ಮ ಉದಾಹರಣೆಯಲ್ಲಿ 144 − 80 = 64, ಇನ್ನೊಂದು ಕಡೆಯಿಂದ 8 × 8 = 64. ಕೆಳಮುಖ ಪರವಲಯದಲ್ಲಿ −4 × ಎ ಯಾವಾಗಲೂ ಧನ, ಆದ್ದರಿಂದ ಎತ್ತರದ ಚಿಹ್ನೆ ಮತ್ತು ಶೋಧಕದ ಚಿಹ್ನೆ ಒಂದೇ ಆಗಿರಬೇಕು. ಒಂದು ಧನ, ಒಂದು ಋಣ ಬಂತೆಂದರೆ ಎಲ್ಲೋ ತಪ್ಪಾಗಿದೆ.

## ಹಂತ 6: ನಡುಗೆರೆಯಿಂದ ಎರಡೂ ಕಡೆಗೆ ಅಳೆಯಿರಿ

ಶೂನ್ಯತೆಗಳು ನಡುಗೆರೆಯಿಂದ ಎಡಕ್ಕೂ ಬಲಕ್ಕೂ ಒಂದೇ ಅಂತರದಲ್ಲಿರುತ್ತವೆ. ಆ ಅಂತರ ಗೊತ್ತಾದರೆ ಕೆಲಸ ಮುಗಿಯಿತು.

ಅಂತರ ಹೀಗೆ ಸಿಗುತ್ತದೆ. ತುದಿಯಿಂದ ಪಕ್ಕಕ್ಕೆ ಒಂದು ಮಾನ ಹೋದರೆ ನಮ್ಮ ಪರವಲಯ 2 ಮಾನ ಇಳಿಯುತ್ತದೆ. ಎರಡು ಮಾನ ಹೋದರೆ 2 × 4 = 8 ಇಳಿಯುತ್ತದೆ. ಮೂರು ಹೋದರೆ 2 × 9 = 18. ಅಂದರೆ ಇಳಿತ = (−ಎ) × ಅಂತರ². ತುದಿ 8ರ ಎತ್ತರದಲ್ಲಿದೆ. ಅಕ್ಷಕ್ಕೆ ಬರಲು ಸರಿಯಾಗಿ 8 ಇಳಿಯಬೇಕು. ಹಾಗಾಗಿ:

ಅಂತರ² = ಎತ್ತರ ÷ (−ಎ) = 8 ÷ 2 = 4
ಅಂತರ = 2

ಶೂನ್ಯತೆಗಳು 3 − 2 = 1 ಮತ್ತು 3 + 2 = 5.

ಅಪವರ್ತನ ಬೇಕಾಗಲಿಲ್ಲ. ಉದ್ದದ ಸೂತ್ರವೂ ಬೇಕಾಗಲಿಲ್ಲ. ನಿಜ ಹೇಳಬೇಕೆಂದರೆ ವರ್ಗ ಸಮೀಕರಣದ ಉದ್ದದ ಸೂತ್ರ ಇದೇ. ಅದರ −ಬಿ ÷ (2 × ಎ) ಭಾಗ ನಡುಗೆರೆ. ಕೂಡು-ಕಳೆ ಚಿಹ್ನೆಯ ಮುಂದಿರುವ ವರ್ಗಮೂಲದ ಭಾಗ, ಚಿಹ್ನೆ ಬಿಟ್ಟು ನೋಡಿದರೆ, ಈ ಅಂತರ.

ಮಧ್ಯಪದ ಸುಲಭವಾಗಿ ಒಡೆಯುತ್ತದೆ ಎಂದು ಕಂಡರೆ ಒಡೆಯಿರಿ, ತಪ್ಪೇನಿಲ್ಲ. ಆದರೆ ಈ ದಾರಿ ಸಂಖ್ಯೆ ಹೇಗೇ ಇದ್ದರೂ ಕೆಲಸ ಮಾಡುತ್ತದೆ. ಒಡೆಯದ ಒಂದನ್ನು ನೋಡೋಣ:

ವೈ = −ಎಕ್ಸ್² + 4ಎಕ್ಸ್ + 3

ನಡುಗೆರೆ: −4 ÷ −2 = 2. ಎತ್ತರ: −4 + 8 + 3 = 7. ಅಂತರ² = 7 ÷ 1 = 7. ಅಂತರ √7, ಸುಮಾರು 2.646. ಶೂನ್ಯತೆಗಳು 2 − √7 ಮತ್ತು 2 + √7, ಅಂದರೆ ಸುಮಾರು −0.646 ಮತ್ತು 4.646. ಉತ್ತರದಲ್ಲಿ √7 ಇಟ್ಟುಕೊಂಡೇ ಬರೆಯಿರಿ. ದಶಮಾಂಶ ಕೇಳಿದರೆ ಮಾತ್ರ ಕೊನೆಯಲ್ಲಿ ಬಿಡಿಸಿ.

ಭಿನ್ನರಾಶಿ ಬರುವಂಥದ್ದೂ ಒಂದಿರಲಿ, ಯಾಕೆಂದರೆ ಭಿನ್ನರಾಶಿ ಕಂಡ ತಕ್ಷಣ "ತಪ್ಪಾಗಿದೆ" ಎಂದು ಸರಿಯಾದ ಲೆಕ್ಕವನ್ನೇ ಅಳಿಸಿಬಿಡುವವರಿದ್ದಾರೆ.

ವೈ = −3ಎಕ್ಸ್² + 5ಎಕ್ಸ್ + 2

ನಡುಗೆರೆ: −5 ÷ −6 = 5/6. ಇದನ್ನು ವರ್ಗ ಮಾಡಿ ಹಾಕುವುದು ಸ್ವಲ್ಪ ಕಿರಿಕಿರಿ. ಇಂಥ ಕಡೆ ಎತ್ತರಕ್ಕೆ ಇನ್ನೊಂದು ಸೂತ್ರ ಬಳಸಿ: ಎತ್ತರ = ಸಿ − ಬಿ² ÷ (4 × ಎ). ಇಲ್ಲಿ 2 − 25 ÷ (−12) = 2 + 25/12 = 49/12. ಅಂತರ² = 49/12 ÷ 3 = 49/36. ಅಂತರ 7/6. ಶೂನ್ಯತೆಗಳು 5/6 + 7/6 = 2 ಮತ್ತು 5/6 − 7/6 = −1/3. ನಡುವೆ 49/12 ಅಂತ ವಿಚಿತ್ರ ಸಂಖ್ಯೆ ಬಂದರೂ ಕೊನೆಗೆ ಎಲ್ಲ ಸರಿಯಾಗಿ ಕೂತಿತು. 5/6ನ್ನು 0.83 ಎಂದು ಮೊದಲೇ ದಶಮಾಂಶ ಮಾಡಿದ್ದರೆ ಕೊನೆಗೆ 1.99 ತರಹದ ಏನೋ ಒಂದು ಬಂದು ತಲೆಕೆಡಿಸುತ್ತಿತ್ತು. ಭಿನ್ನರಾಶಿಯನ್ನು ಕೊನೆಯವರೆಗೂ ಭಿನ್ನರಾಶಿಯಾಗಿಯೇ ಇಡಿ.

ಈ ಹಂತದ ಮುಖ್ಯ ತಪ್ಪು, ವರ್ಗಮೂಲ ತೆಗೆದ ಮೇಲೆ ಒಂದೇ ಕಡೆಗೆ ಅಳೆಯುವುದು. 3 + 2 = 5 ಎಂದು ಬರೆದು ನಿಲ್ಲಿಸಿದರೆ ಅರ್ಧ ಉತ್ತರ ಅಷ್ಟೇ. ಇನ್ನೊಂದು, ಸಿ ಇಲ್ಲದ ಲೆಕ್ಕಗಳಲ್ಲಿ ಆಗುವಂಥದ್ದು. −ಎಕ್ಸ್² + 8ಎಕ್ಸ್ = 0 ಎಂಬುದನ್ನು ಎಕ್ಸ್‌ನಿಂದ ಭಾಗಿಸಿದರೆ −ಎಕ್ಸ್ + 8 = 0 ಆಗಿ ಎಕ್ಸ್ = 8 ಸಿಗುತ್ತದೆ. 0 ಎಂಬ ಶೂನ್ಯತೆ ಮಾಯ. ಎಕ್ಸ್‌ನಿಂದ ಭಾಗಿಸಬೇಡಿ, ಸಾಮಾನ್ಯ ಅಪವರ್ತನವಾಗಿ ಹೊರತೆಗೆಯಿರಿ.

## ಹಂತ 7: ತಾಳೆ ನೋಡಿ

ಇದಕ್ಕೆ ಅರ್ಧ ನಿಮಿಷ ಸಾಕು. ಶೂನ್ಯತೆಗಳನ್ನು ಕೂಡಿ ಎರಡರಿಂದ ಭಾಗಿಸಿದರೆ ನಡುಗೆರೆ ಬರಬೇಕು: (1 + 5) ÷ 2 = 3. ಆದರೆ ನಮ್ಮ ದಾರಿಯಲ್ಲಿ ಶೂನ್ಯತೆಗಳು ನಡುಗೆರೆಯಿಂದಲೇ ಹುಟ್ಟಿದ್ದರಿಂದ ಇದು ಹೇಗೂ ಸರಿಹೋಗುತ್ತದೆ. ನಡುಗೆರೆಯೇ ತಪ್ಪಿದ್ದರೆ ಇದು ಹಿಡಿಯುವುದಿಲ್ಲ. ಮಧ್ಯಪದ ಒಡೆದು ಶೂನ್ಯತೆ ಹುಡುಕಿದವರಿಗೆ ಮಾತ್ರ ಇದು ನಿಜವಾದ ಪರೀಕ್ಷೆ.

ಎಲ್ಲರಿಗೂ ಕೆಲಸಕ್ಕೆ ಬರುವುದು ಗುಣಲಬ್ಧ. ಶೂನ್ಯತೆಗಳ ಗುಣಲಬ್ಧ ಸಿ ÷ ಎ ಆಗಿರಬೇಕು. 1 × 5 = 5, ಮತ್ತು −10 ÷ −2 = 5. ನಡುಗೆರೆ ಹುಡುಕುವಾಗ ಸಿ ಬಳಸಿರಲಿಲ್ಲ, ಆದ್ದರಿಂದ ಈ ಪರೀಕ್ಷೆ ಬೇರೆ ದಿಕ್ಕಿನಿಂದ ಬರುತ್ತದೆ. √7 ಇದ್ದ ಉದಾಹರಣೆಗೂ ಮಾಡಿ ನೋಡಿ: (2 − √7) × (2 + √7) = 4 − 7 = −3. ಸಿ ÷ ಎ ಕೂಡ 3 ÷ −1 = −3.

## ಹಂತ 8: ಗ್ರಾಫ್ ಬರೆಯಬೇಕಿದ್ದರೆ

ಎಕ್ಸ್‌ಗೆ ಮನಸ್ಸಿಗೆ ಬಂದ ಬೆಲೆಗಳನ್ನು ಹಾಕಿ ಕೋಷ್ಟಕ ಮಾಡುವ ಬದಲು ತುದಿಯಿಂದ ಶುರುಮಾಡಿ. (3, 8) ಗುರುತಿಸಿ. ಒಂದು ಮಾನ ಪಕ್ಕಕ್ಕೆ, 2 ಕೆಳಗೆ: (2, 6) ಮತ್ತು (4, 6). ಎರಡು ಮಾನ ಪಕ್ಕಕ್ಕೆ, 8 ಕೆಳಗೆ: (1, 0) ಮತ್ತು (5, 0). ಮೂರು ಪಕ್ಕಕ್ಕೆ, 18 ಕೆಳಗೆ: (0, −10) ಮತ್ತು (6, −10). ಎಕ್ಸ್ = 0 ಇರುವ ಕಡೆ −10 ಬಂತು. ಅದು ನಮ್ಮ ಸಿ. ಏಳು ಬಿಂದು ಸಾಕು.

ಬಿಂದುಗಳನ್ನು ಸ್ಕೇಲ್ ಹಿಡಿದು ಸೇರಿಸಬೇಡಿ. ತುದಿ ಮೊನಚಾಗಿ ಬಂದರೆ ಅದು ಪರವಲಯ ಅಲ್ಲ. ಕೈಯನ್ನು ಬಾಗಿನ ಒಳಬದಿಗೆ ಇಟ್ಟು ಒಂದೇ ಓಟದಲ್ಲಿ ಬಾಗಿಸಿ ಎಳೆಯಿರಿ.

## ಅಪವರ್ತನ ರೂಪದಲ್ಲೇ ಕೊಟ್ಟಿದ್ದರೆ

ಇಲ್ಲಿ ಮಾತ್ರ ಕ್ರಮ ತಿರುಗಿಸಿ. ವೈ = (4 − ಎಕ್ಸ್)(ಎಕ್ಸ್ + 2) ಎಂದು ಕೊಟ್ಟರೆ ಶೂನ್ಯತೆಗಳು ಕಣ್ಣೆದುರಿಗೇ ಇವೆ: 4 ಮತ್ತು −2. ಇವುಗಳ ಮಧ್ಯ 1. ಅದೇ ನಡುಗೆರೆ. ಎಕ್ಸ್ = 1 ಹಾಕಿ: 3 × 3 = 9. ಗರಿಷ್ಠ ಬೆಲೆ 9. ಸುಮ್ನೆ ಬಿಡಿಸಿ ಬರೆದು ಮತ್ತೆ ಒಡೆಯುವ ಶ್ರಮ ಬೇಡ. ಎ ಋಣವೇ ಎಂದು ಮಾತ್ರ ನೋಡಿಕೊಳ್ಳಿ. ಇಲ್ಲಿ ಮೊದಲ ಆವರಣದಲ್ಲಿ −ಎಕ್ಸ್ ಇರುವುದರಿಂದ ಎ = −1.

## ವಾಕ್ಯರೂಪದ ಲೆಕ್ಕಗಳು

25 ಮೀಟರ್ ಎತ್ತರದಿಂದ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಚೆಂಡನ್ನು ನೇರ ಮೇಲಕ್ಕೆ ಎಸೆದರೆ, ಟಿ ಸೆಕೆಂಡ್ ಆದಾಗ ಅದರ ಎತ್ತರ ಸುಮಾರು −5ಟಿ² + 20ಟಿ + 25 ಮೀಟರ್. ಗುರುತ್ವ ವೇಗೋತ್ಕರ್ಷ 9.8ನ್ನು 10 ಎಂದು ಹಿಡಿದು ಅದರ ಅರ್ಧ ತೆಗೆದುಕೊಂಡಿದ್ದರಿಂದ 5 ಬಂದಿದೆ.

ನಡುಗೆರೆ: −20 ÷ −10 = 2. ಎತ್ತರ: −20 + 40 + 25 = 45. ಅಂತರ² = 45 ÷ 5 = 9, ಅಂತರ 3. ಶೂನ್ಯತೆಗಳು −1 ಮತ್ತು 5.

ಲೆಕ್ಕ ಮುಗಿಯಿತು, ಉತ್ತರ ಇನ್ನೂ ಮುಗಿದಿಲ್ಲ. 2 ಸೆಕೆಂಡಿಗೆ ಚೆಂಡು ಅತಿ ಎತ್ತರದಲ್ಲಿರುತ್ತದೆ, ಆ ಎತ್ತರ 45 ಮೀಟರ್. 5 ಸೆಕೆಂಡಿಗೆ ನೆಲಕ್ಕೆ ಬೀಳುತ್ತದೆ. −1 ಎಂಬುದು ಎಸೆಯುವ ಮೊದಲಿನ ಸಮಯ, ಅದನ್ನು ಬಿಡಬೇಕು. ಆದರೆ ಸುಮ್ಮನೆ ಅಳಿಸಬೇಡಿ. "ಸಮಯ ಋಣವಾಗಿರಲು ಸಾಧ್ಯವಿಲ್ಲ, ಆದ್ದರಿಂದ ಟಿ = 5" ಎಂದು ಒಂದು ಸಾಲು ಬರೆಯಿರಿ. ಘಟಕವನ್ನೂ ಬರೆಯಿರಿ. ಸೆಕೆಂಡ್ ಬೇರೆ, ಮೀಟರ್ ಬೇರೆ.

ಇನ್ನೊಂದು ಬಗೆ ವಿಸ್ತೀರ್ಣದ್ದು. ಗೋಡೆಗೆ ಹೊಂದಿಕೊಂಡ ಆಯತಾಕಾರದ ಜಾಗಕ್ಕೆ ಉಳಿದ ಮೂರು ಬದಿಯಲ್ಲಿ 40 ಮೀಟರ್ ಬೇಲಿ ಹಾಕಬೇಕು. ಗೋಡೆಗೆ ಲಂಬವಾದ ಎರಡು ಬದಿ ತಲಾ ಎಕ್ಸ್ ಮೀಟರ್ ಆದರೆ ಮೂರನೆಯದು 40 − 2ಎಕ್ಸ್. ವಿಸ್ತೀರ್ಣ ಎಕ್ಸ್ × (40 − 2ಎಕ್ಸ್). ಅಪವರ್ತನ ರೂಪದಲ್ಲೇ ಇದೆ. ಶೂನ್ಯತೆಗಳು 0 ಮತ್ತು 20, ನಡುಗೆರೆ 10, ಗರಿಷ್ಠ ವಿಸ್ತೀರ್ಣ 10 × 20 = 200 ಚದರ ಮೀಟರ್.

ಈಗ ಒಂದು ಮಿತಿ ಹಾಕೋಣ. ಜಾಗ ಕಡಿಮೆ ಇರುವುದರಿಂದ ಎಕ್ಸ್ 8 ಮೀಟರ್ ದಾಟುವಂತಿಲ್ಲ. ನಡುಗೆರೆ 10 ಈ ಮಿತಿಯ ಹೊರಗೆ ಹೋಯಿತು. ಆಗ 200 ಎಂದು ಉತ್ತರ ಕೊಟ್ಟರೆ ತಪ್ಪು. ತುದಿಗೆ ತಲುಪಲು ಆಗದಿದ್ದರೆ ಅದಕ್ಕೆ ಅತಿ ಹತ್ತಿರದ ಅಂಚಿನಲ್ಲೇ ಗರಿಷ್ಠ ಸಿಗುತ್ತದೆ: 8 × 24 = 192 ಚದರ ಮೀಟರ್. ಪ್ರಶ್ನೆಯಲ್ಲಿ "ಹೆಚ್ಚೆಂದರೆ", "ಕನಿಷ್ಠಪಕ್ಷ" ತರಹದ ಮಾತು ಕಂಡರೆ ಕೆಳಗೆ ಗೆರೆ ಎಳೆದಿಡಿ.

## ಕ್ಯಾಲ್ಕುಲೇಟರ್, ಕಂಪ್ಯೂಟರ್ ಬಳಸುವಾಗ

−12 ÷ (2 × −2) ಎಂಬುದನ್ನು ಆವರಣವಿಲ್ಲದೆ −12 ÷ 2 × −2 ಎಂದು ಒತ್ತಿದರೆ 3ರ ಬದಲು 12 ಬರುತ್ತದೆ. ಯಂತ್ರ ಎಡದಿಂದ ಬಲಕ್ಕೆ ಹೋಗುತ್ತದೆ, ಮೊದಲು ಭಾಗಿಸಿ ಆಮೇಲೆ ಗುಣಿಸುತ್ತದೆ. ಛೇದಕ್ಕೆ ಆವರಣ ಕಡ್ಡಾಯ.

ಋಣ ಸಂಖ್ಯೆಯ ವರ್ಗವೂ ಹೀಗೇ ಕೈಕೊಡುತ್ತದೆ. ಸೈಂಟಿಫಿಕ್ ಕ್ಯಾಲ್ಕುಲೇಟರ್‌ನಲ್ಲಿ ಆವರಣವಿಲ್ಲದೆ −3² ಎಂದು ಕೊಟ್ಟರೆ ಸಾಮಾನ್ಯವಾಗಿ −9 ಬರುತ್ತದೆ. ಅದೇ ಎಕ್ಸೆಲ್‌ನಲ್ಲಿ =-3^2 ಎಂದು ಬರೆದರೆ (ಅಲ್ಲಿ ^2 ಎಂದರೆ ವರ್ಗ) 9 ಬರುತ್ತದೆ. ಒಂದೇ ಬರವಣಿಗೆ, ಎರಡು ಉತ್ತರ. (−3)² ಎಂದು ಆವರಣ ಹಾಕಿದರೆ ಎಲ್ಲೆಡೆಯೂ 9. −ಎಕ್ಸ್² ಬೇಕಿದ್ದರೆ −1 × (ಎಕ್ಸ್)² ಎಂದು ಬಿಡಿಸಿ ಬರೆಯಿರಿ.

## ಉತ್ತರ ತಪ್ಪಿದೆ ಎನ್ನುವ ಸೂಚನೆಗಳು

- ಗರಿಷ್ಠ ಬೆಲೆ ಸಿಗಿಂತ ಕಡಿಮೆ ಬಂದಿದೆ: ನಡುಗೆರೆಯ ಚಿಹ್ನೆ ನೋಡಿ.
- ಅಂತರ² ಋಣ ಬಂದಿದೆ, ಆದರೆ ಎತ್ತರ ಧನವಾಗಿದೆ: ಭಾಗಿಸುವಾಗ −ಎ ಬದಲು ಎ ಹಾಕಿದ್ದೀರಿ.
- ಎ ಋಣ, ಸಿ ಧನ, ಆದರೂ ಎರಡು ಶೂನ್ಯತೆಗಳಿಗೂ ಒಂದೇ ಚಿಹ್ನೆ: ಸಾಧ್ಯವಿಲ್ಲ. ಗುಣಲಬ್ಧ ಋಣವಾಗಲೇಬೇಕು.
- ಗರಿಷ್ಠ ಬೆಲೆ ಸಿಯಷ್ಟೇ ಇದೆ, ಆದರೆ ಬಿ ಸೊನ್ನೆಯಲ್ಲ: ನಡುಗೆರೆಯ ಬದಲು 0 ಹಾಕಿದ್ದೀರಿ, ಅಥವಾ 0 ಮತ್ತು −ಬಿ ÷ ಎಯ ಅರ್ಧ ಮಾಡುವುದನ್ನು ಮರೆತಿದ್ದೀರಿ.

ಕೊನೆಯದು ನಿಜಕ್ಕೂ ತುಂಬಾ ಸಲ ಆಗುತ್ತದೆ. ನಮ್ಮ ಉದಾಹರಣೆಯಲ್ಲಿ 3ರ ಬದಲು 6 ಹಾಕಿದರೆ −72 + 72 − 10 = −10 ಸಿಗುತ್ತದೆ. ಸೂತ್ರದ ಛೇದದಲ್ಲಿ 2 ಬಿಟ್ಟುಹೋದರೆ ಬರುವುದು ಇದೇ.

## ಮಾಡಿ ನೋಡಿ

ಉತ್ತರಗಳು ಕೆಳಗಿವೆ. ಪ್ರತಿಯೊಂದಕ್ಕೂ ನಡುಗೆರೆ, ಎತ್ತರ, ಅಂತರ ಇದೇ ಕ್ರಮದಲ್ಲಿ ಬರೆಯಿರಿ.

1. −ಎಕ್ಸ್² + 10ಎಕ್ಸ್ − 16
2. −2ಎಕ್ಸ್² + 4ಎಕ್ಸ್ + 1
3. −ಎಕ್ಸ್² + ಎಕ್ಸ್ − 1
4. 6ಎಕ್ಸ್ − 3ಎಕ್ಸ್²
5. −½ಎಕ್ಸ್² + 3ಎಕ್ಸ್ + 8

ಮೊದಲನೆಯದು: ನಡುಗೆರೆ 5, ಗರಿಷ್ಠ 9, ಶೂನ್ಯತೆಗಳು 2 ಮತ್ತು 8. ಎರಡನೆಯದು: ನಡುಗೆರೆ 1, ಗರಿಷ್ಠ 3, ಅಂತರ √1.5, ಶೂನ್ಯತೆಗಳು ಸುಮಾರು −0.225 ಮತ್ತು 2.225. ಮೂರನೆಯದು: ನಡುಗೆರೆ ½, ಗರಿಷ್ಠ −¾, ವಾಸ್ತವ ಶೂನ್ಯತೆ ಇಲ್ಲ. ನಾಲ್ಕನೆಯದು: ನಡುಗೆರೆ 1, ಗರಿಷ್ಠ 3, ಶೂನ್ಯತೆಗಳು 0 ಮತ್ತು 2. ಐದನೆಯದು: ನಡುಗೆರೆ 3, ಗರಿಷ್ಠ 12.5, ಶೂನ್ಯತೆಗಳು −2 ಮತ್ತು 8.

ಐದನೆಯದರಲ್ಲಿ 0.5 ಮತ್ತು 5.5 ಬಂದಿದ್ದರೆ, ಅಂತರ ಹುಡುಕುವಾಗ 12.5ನ್ನು ಅರ್ಧದಿಂದ ಭಾಗಿಸುವ ಬದಲು ಅರ್ಧ ಮಾಡಿದ್ದೀರಿ. ಅರ್ಧದಿಂದ ಭಾಗಿಸುವುದು ಎಂದರೆ ಎರಡು ಪಟ್ಟು ಮಾಡುವುದು. 12.5 ÷ 0.5 = 25, ಅಂತರ 5.